ಕೊಯ್ತಾಕ್ಕೆ ಹೆಚ್ಚಿನ ಬೆಲೆ ಕೊಡುವುದು ಲಾಭವೇ?
(ಗಟ್ ಮೇಳಾವೆಯಲ್ಲಿ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ನಮ್ಮ ಸಭೆಗಳಲ್ಲಿ ತಳಿ, ಗೊಬ್ಬರ, ನೀರಿನ ವಿಷಯ ಪ್ರತಿ ಸಲವೂ ಬರುತ್ತದೆ. ಇಂದು ಕೈಯಲ್ಲಿ ಹಿಡಿಯುವ ಸಾಮಾನುಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಸಂತೆಯಲ್ಲಿ ಒಂದು ಕೊಯ್ತಾ ಅಗ್ಗಕ್ಕೆ ಸಿಗುತ್ತದೆ. ಪಕ್ಕದ ಅಂಗಡಿಯಲ್ಲಿ ಅಂಥದೇ ಇನ್ನೊಂದಕ್ಕೆ ಎರಡು ಮೂರು ಪಟ್ಟು ಬೆಲೆ ಹೇಳುತ್ತಾರೆ. ‘ಸಾಹೇಬರೆ, ಅಷ್ಟು ಕೊಟ್ಟು ತರುವುದರಲ್ಲಿ ಏನಾದರೂ ಅರ್ಥವಿದೆಯೇ?’ ಎಂದು ತಮ್ಮಲ್ಲಿ ಹಲವರು ಕೇಳಿದ್ದೀರಿ. ನನ್ನ ಉತ್ತರ ಇಷ್ಟೆ: ಕಬ್ಬನ್ನು ಕತ್ತರಿಸುವ ಅಲಗಿಗೆ ಹಣ ಹಾಕಿರಿ, ಉಳಿದ ಸಾಮಾನಿನಲ್ಲಿ ಉಳಿಸಿರಿ. ಕಾರಣಗಳನ್ನು ಒಂದೊಂದಾಗಿ ನೋಡೋಣ.

ಮೊದಲು ಲೋಹದ ಮಾತು. ಅಗ್ಗದ ಕೊಯ್ತಾ ಸಾಮಾನ್ಯವಾಗಿ ಸಾದಾ ಮೆದು ಉಕ್ಕಿನ ಪಟ್ಟಿಯದು. ಅದರಲ್ಲಿ ಇಂಗಾಲ ಶೇಕಡಾ 0.25ಕ್ಕಿಂತ ಕಡಿಮೆ. ಅದನ್ನು ಕಾಯಿಸಿ ನೀರಿಗೆ ಅದ್ದಿದರೂ ಗಡಸಾಗುವುದಿಲ್ಲ. ಬೆಳಿಗ್ಗೆ ಮಸೆದರೆ ಮಧ್ಯಾಹ್ನದೊಳಗೆ ಮೊಂಡಾಗುತ್ತದೆ. ಲಾರಿಯ ಸ್ಪ್ರಿಂಗ್ ಪಾಟಾದಲ್ಲಿ ಇಂಗಾಲ ಸುಮಾರು ಶೇಕಡಾ 0.5ರಿಂದ 0.6ರಷ್ಟು ಇರುತ್ತದೆ. ಅದಕ್ಕೆ ಹದ ಕೂಡುತ್ತದೆ, ಹರಿತ ನಿಲ್ಲುತ್ತದೆ. ಆದುದರಿಂದ ನಮ್ಮೂರಿನ ಕಂಬಾರನು ಹಳೆಯ ಪಾಟಾದಿಂದ ಬಡಿದು ಹದ ಕೊಟ್ಟ ಕೊಯ್ತಾ, ಹೆಸರಾಂತ ಕಂಪನಿಯ ಮಾಲಿಗೆ ಸರಿಸಾಟಿಯಾಗಬಲ್ಲದು. ಬೆಲೆ ಹೆಚ್ಚೆಂದ ಮಾತ್ರಕ್ಕೆ ಮಾಲು ಒಳ್ಳೆಯದೆಂದು ತಿಳಿಯಬೇಡಿರಿ.

ಪರೀಕ್ಷೆ ಸುಲಭವಾಗಿದೆ. ಕಾನಸು, ಅಂದರೆ ಅರ, ಅದನ್ನು ಅಲಗಿನ ಅಂಚಿನ ಮೇಲೆ ಮೆಲ್ಲಗೆ ಎಳೆಯಿರಿ. ಸಲೀಸಾಗಿ ಕಚ್ಚಿ ಪುಡಿ ಉದುರಿಸಿದರೆ ಲೋಹ ಮೆದು. ಕಷ್ಟಪಟ್ಟು ಸ್ವಲ್ಪವೇ ಕಚ್ಚಿದರೆ ಹದ ಸರಿಯಾಗಿದೆ. ಕಚ್ಚದೆ ಜಾರಿದರೆ ಬಹಳ ಗಡಸು. ಕಲ್ಲಿಗೆ ತಗುಲಿದಾಗ ಅಂಚು ಚಕ್ಕೆ ಏಳುತ್ತದೆ. ಹಿಡಿಕೆಯನ್ನೂ ಅಲುಗಾಡಿಸಿ ನೋಡಿರಿ. ಸಡಿಲ ಹಿಡಿಕೆಯ ಕೊಯ್ತಾ ಪುಕ್ಕಟೆ ಕೊಟ್ಟರೂ ಬೇಡ. ಅಲಗು ಹಾರಿ ಪಕ್ಕದವರ ಕಾಲಿಗೆ ಬೀಳುತ್ತದೆ.

ಇನ್ನು ಲೆಕ್ಕ. ಕಬ್ಬಿನ ಬುಡದ ಗಣಿಕೆಗಳಲ್ಲಿ ಸಕ್ಕರೆಯ ಅಂಶ ಹೆಚ್ಚು, ಸಿಪ್ಪೆಯೂ ಅಲ್ಲಿಯೇ ಗಟ್ಟಿ. ಮೊಂಡ ಕೊಯ್ತಾ ಅಲ್ಲಿ ಎರಡು ಮೂರು ಏಟು ಕೇಳುತ್ತದೆ. ದಿನವೆಲ್ಲ ಬಗ್ಗಿ ದುಡಿಯುವವರ ಕೈ ಸೋತು ಏಟು ತಾನಾಗಿಯೇ ಮೇಲಕ್ಕೆ ಹೋಗುತ್ತದೆ. ಏಕರೆಗೆ 40,000 ಕಬ್ಬು, ಪ್ರತಿಯೊಂದರ ಉದ್ದ ಎರಡು ಮೀಟರು, ತೂಕ ಒಂದು ಕಿಲೋ ಎಂದು ಹಿಡಿಯಿರಿ. ಎರಡು ಇಂಚು, ಅಂದರೆ ಐದು ಸೆಂಟಿಮೀಟರು ಬುಡ ಉಳಿದರೆ ಕಬ್ಬೊಂದಕ್ಕೆ 25 ಗ್ರಾಂ ಹೋಯಿತು. 40,000 ಕಬ್ಬಿಗೆ ಒಂದು ಟನ್ನು! 2024-25ರ ಹಂಗಾಮಿಗೆ ಕೇಂದ್ರ ಸರಕಾರವು ಶೇಕಡಾ 10.25 ರಿಕವರಿಗೆ ಗೊತ್ತುಪಡಿಸಿದ ದರ ಕ್ವಿಂಟಲಿಗೆ 340 ರೂಪಾಯಿ. ಆ ಪ್ರಕಾರ ಟನ್ನಿಗೆ 3,400 ರೂಪಾಯಿ. ಕಟಾವು, ಸಾಗಾಣಿಕೆ ಕಳೆದು ಕೈಗೆ ಬರುವುದು ಕಡಿಮೆಯೇ. ಆದರೂ ಒಂದು ಏಕರೆಯ ಎರಡು ಇಂಚಿನ ಹಣದಲ್ಲಿ ಒಳ್ಳೆಯ ಕೊಯ್ತಾ ಎಷ್ಟು ಬರುತ್ತವೆ ಎಂದು ತಾವೇ ಎಣಿಸಿರಿ.

‘ಕೊಯ್ತಾ ತರುವವರು ಟೋಳಿಯವರು, ನಾವೇಕೆ ಯೋಚಿಸಬೇಕು?’ ಎಂದು ಕೇಳಬಹುದು. ಗಂಡ ಹೆಂಡಿರ ಜೋಡಿಗೇ ‘ಒಂದು ಕೊಯ್ತಾ’ ಎಂದು ಲೆಕ್ಕ ಹಾಕುವ ಸೀಮೆ ನಮ್ಮದು. ಬೀಡ ಜಿಲ್ಲೆಯಿಂದ ಬರುವವರಿರಲಿ, ನಮ್ಮ ಜತ್ತ ಭಾಗದಿಂದ ಹೊರಗೆ ಹೋಗುವವರಿರಲಿ, ಅವರಿಗೆ ಕೂಲಿ ಸಿಗುವುದು ಟನ್ನಿನ ಮೇಲೆ. ಬುಡಕ್ಕೆ ಕಡಿದರೆ ತೂಕ ಅವರಿಗೂ ಬರುತ್ತದೆ, ಆದರೆ ಸೊಂಟದ ನೋವು ಅವರೊಬ್ಬರದೇ. ಆದುದರಿಂದ ಬರೀ ಗದರಿಸಿದರೆ ಕೆಲಸವಾಗದು. ತಮ್ಮ ಮನೆಯಲ್ಲಿ ಎರಡು ಒಳ್ಳೆಯ ಕೊಯ್ತಾ, ಒಂದು ಕಾನಸು ಇಟ್ಟುಕೊಳ್ಳಿರಿ. ಟೋಳಿ ಹೊಲಕ್ಕೆ ಬಂದ ದಿನ ಕಾನಸನ್ನು ಅವರ ಕೈಗೆ ಕೊಡಿರಿ. ಮೊದಲ ಸಾಲು ಕಡಿಯುವಾಗ ತಾವೇ ನಿಂತು ನೋಡಿರಿ. ಸಾಲಿನಲ್ಲಿ ಕಲ್ಲು ಇದ್ದರೆ ಮೊದಲೇ ಆರಿಸಿರಿ. ಕಲ್ಲಿಗೆ ಹೆದರುವ ಕೈ ಕೆಳಗೆ ಇಳಿಯುವುದಿಲ್ಲ. ಅಲ್ಲಿ ಎಂಥ ಕೊಯ್ತಾ ಕೊಟ್ಟರೂ ಪ್ರಯೋಜನವಿಲ್ಲ.

ಕೂಳೆ ಬೆಳೆಯಲ್ಲಿ ಈ ಮಾತು ಇನ್ನೂ ಮುಖ್ಯ. ಎತ್ತರದ ಕೂಳೆಯ ಮೇಲಿನ ಕಣ್ಣಿನಿಂದ ಬಂದ ಮೊಳಕೆಗೆ ಸ್ವಂತ ಬೇರು ಸರಿಯಾಗಿ ಇಳಿಯದೆ ಸೊರಗುತ್ತದೆ. ಕಟಾವಾದ ಕೂಡಲೆ ನೆಲಮಟ್ಟಕ್ಕೆ ಕೂಳೆ ಸವರಿದರೆ ಮಣ್ಣಿನೊಳಗಿನ ಕಣ್ಣುಗಳು ಬಲವಾಗಿ ಏಳುತ್ತವೆ. ಸವರುವ ಸಲಿಕೆ ಹರಿತವಿರಬೇಕು. ಮೊಂಡ ಸಲಿಕೆಯಿಂದ ಬುಡ ಸೀಳುತ್ತದೆ, ಗಡ್ಡೆಯೇ ಅಲುಗಿ ಬೇರು ಕೀಳುತ್ತದೆ.

ಬೀಜದ ತುಂಡು ಮಾಡುವಾಗಲೂ ಹಾಗೆಯೇ. ತುದಿ ಸೀಳಿದ ತುಂಡಿನೊಳಗೆ ಕೊಳೆರೋಗದ ಶಿಲೀಂಧ್ರ ಸುಲಭವಾಗಿ ಹೋಗುತ್ತದೆ, ಮೊಳಕೆ ತಪ್ಪಿ ಸಾಲಿನಲ್ಲಿ ಖಾಲಿ ಜಾಗ ಬೀಳುತ್ತದೆ. ಇನ್ನೊಂದು ಎಚ್ಚರಿಕೆ: ಕೂಳೆ ಕುಂಠಿತ ರೋಗವು ಕಡಿಯುವ ಅಲಗಿನಿಂದಲೇ ಒಂದು ಕಬ್ಬಿನಿಂದ ಇನ್ನೊಂದಕ್ಕೆ ಹರಡುತ್ತದೆ. ಒಂದು ಹೊಲ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಅಲಗನ್ನು ಲೈಸಾಲಿನಂಥ ಕ್ರಿಮಿನಾಶಕ ದ್ರಾವಣದಲ್ಲಿ ಅದ್ದಿರಿ. ಬೆಂಕಿಯಲ್ಲಿ ಹಿಡಿಯಬೇಡಿರಿ, ಹದ ಹೋಗುತ್ತದೆ.

ಎಲ್ಲಿ ಉಳಿಸಬೇಕು? ಬುಟ್ಟಿ, ಗೊಬ್ಬರ ಎಳೆಯುವ ಸಲಿಕೆ, ವರ್ಷಕ್ಕೆ ಎರಡು ದಿನ ಹೊರಬರುವ ಗುದ್ದಲಿ, ಇವುಗಳಿಗೆ ಮಧ್ಯಮ ದರದ ಮಾಲು ಸಾಕು. ಆದರೆ ನೀರು ಹಾಯಿಸುವ ಸಲಿಕೆ ದಿನವೂ ಕೈಯಲ್ಲಿರುತ್ತದೆ. ಅದು ತೆಳು ತಗಡಿನದಾದರೆ ಮೂಲೆ ಮಡಚಿ, ವರ್ಷಕ್ಕೆ ಎರಡು ಕೊಳ್ಳಬೇಕಾಗುತ್ತದೆ. ಅಗ್ಗವೆಂದು ಮುಗ್ಗಿದ ಜೋಳ ಕೊಂಡಂತಾದೀತು.

ಕಡೆಯದಾಗಿ ಜೋಪಾನ. ಕಬ್ಬಿನ ರಸ ಹುಳಿಯಾಗಿ ಉಕ್ಕನ್ನು ತಿನ್ನುತ್ತದೆ. ಸಂಜೆ ಅಲಗು ತೊಳೆದು, ಒರೆಸಿ, ತುಸು ಎಣ್ಣೆ ಸವರಿ ಒಣ ಜಾಗದಲ್ಲಿ ತೂಗುಹಾಕಿರಿ. ಮಸೆಯಲು ಕಾನಸು ಇಲ್ಲವೆ ನೀರು ಹಾಕಿದ ಸಾಣೆಕಲ್ಲು ಬಳಸಿರಿ. ಕರೆಂಟಿನ ಸಾಣೆಯ ಮೇಲೆ ಒತ್ತಿ ಹಿಡಿದು ಅಂಚು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಅಷ್ಟು ಭಾಗದ ಹದ ಹೋಯಿತೆಂದೇ ತಿಳಿಯಿರಿ. ಜೋಪಾನ ಮಾಡದವರಿಗೆ ದುಬಾರಿ ಕೊಯ್ತಾ ದಂಡವೇ. ಅಂಥವರು ಅಗ್ಗದ್ದನ್ನೇ ಕೊಂಡರೆ ನಷ್ಟ ಕಡಿಮೆ.

ಈಗ ಕಟಾವಿನ ಯಂತ್ರಗಳು ಬಂದಿದ್ದರೂ ನಮ್ಮ ತುಂಡು ಹೊಲಗಳಲ್ಲಿ ಕೈ ಕಟಾವು ನಿಂತಿಲ್ಲ. ಆದುದರಿಂದ ಹಂಗಾಮು ಸುರುವಾಗುವ ಮೊದಲೇ ಮನೆಯ ಸಾಮಾನು ಹೊರತೆಗೆದು ಒಂದೊಂದಾಗಿ ಪರೀಕ್ಷಿಸಿರಿ. ಕಟಾವಾದ ಮೇಲೆ ಹೊಲದಲ್ಲಿ ನಡೆದು, ಉಳಿದ ಬುಡವನ್ನು ಬೆರಳಿನಿಂದ ಅಳೆಯಿರಿ. ಎರಡು ಬೆರಳಿಗಿಂತ ಹೆಚ್ಚಿದ್ದರೆ ತಮ್ಮ ಗಟ್ಟಿನ ಸ್ಲಿಪ್ ಬಾಯ್‌ಗೆ ಆ ದಿನವೇ ತಿಳಿಸಿರಿ. ಹೊಲದಲ್ಲಿ ಉಳಿದ ಕಬ್ಬು ಕಾಟಾದ ಮೇಲೆ ಬರುವುದಿಲ್ಲ, ಬಿಲ್ಲಿನಲ್ಲಿಯೂ ಬರುವುದಿಲ್ಲ.