ಬೈಸಿಕಲ್ಲಿನ ಟೈರು



ದೊಡ್ಡಬಳ್ಳಾಪುರದ ನಮ್ಮ ವಿದ್ಯಾರ್ಥಿಯೊಬ್ಬನ ಬೈಸಿಕಲ್ಲಿಗಾಗಿ 26 ಅಂಗುಲದ ಟೈರೊಂದನ್ನು ದೂರದಿಂದ ತರಿಸಿದೆವು. ಎಂಟು ದಿನ ಕಾದು ಕಟ್ಟನ್ನು ಬಿಚ್ಚಿದರೆ, ಅದು ಚಕ್ರಕ್ಕೆ ಕೂಡಲೊಲ್ಲದು! ಹಿಂದಿರುಗಿಸಿ ಮತ್ತೊಂದನ್ನು ತರಿಸಿದೆವು, ಅದೂ ಹಾಗೆಯೇ. ಅಷ್ಟು ದಿನವೂ ಹುಡುಗನು ಹಳ್ಳಿಯಿಂದ ಕಾಲೇಜಿಗೆ ನಡೆದೇ ಬಂದನು.

ಮಾರಿದವರನ್ನು ಶಪಿಸಿದೆವು, ಆದರೆ ತಪ್ಪಿನಲ್ಲಿ ನಮಗೂ ಪಾಲಿತ್ತು. ಪೇಟೆಯ ರಿಪೇರಿಯವನು ಹಳೆಯ ಟೈರಿನ ಪಕ್ಕದಲ್ಲಿದ್ದ 37-590 ಎಂಬ ಅಚ್ಚನ್ನು ತೋರಿಸಿದನು. ಮೊದಲನೆಯದು ಟೈರಿನ ಅಗಲ. ಎರಡನೆಯದು ಅದು ರಿಮ್ಮಿನ ಮೇಲೆ ಕೂಡುವೆಡೆಯ ವ್ಯಾಸ, ಮಿಲಿಮೀಟರುಗಳಲ್ಲಿ. 26 ಅಂಗುಲವೆಂಬ ಒಂದೇ ಹೆಸರಿನಲ್ಲಿ 559, 584, 590 ಎಂಬ ವ್ಯಾಸಗಳುಂಟು. ಒಂದರ ಟೈರು ಇನ್ನೊಂದಕ್ಕೆ ಒದಗದು.

ಆದುದರಿಂದ ಹೆಸರನ್ನಲ್ಲ, ಅಂಕಿಗಳನ್ನು ಬರೆದು ತರಿಸಿರಿ. ಪಾದವನ್ನು ಅಳೆಯದೆ ಪಾದರಕ್ಷೆಯನ್ನು ಕೊಂಡವನು ಚಮ್ಮಾರನನ್ನು ದೂರಬಾರದಷ್ಟೆ!