ಕೊಂಡಿ ಹಾಕುವ ದಿನ, ಲಾಳಿ ಓಡುವ ದಿನ

ಬಾಗಲಕೋಟೆ ಜಿಲ್ಲೆಯ ಬನಹಟ್ಟಿ-ರಬಕವಿಯ ಓಣಿಗಳಲ್ಲಿ ಬೆಳಗಾಗುವುದು ಮಗ್ಗದ ಸದ್ದಿನಿಂದ. ಈಗ ಪಾವರ್‌ಲೂಮ್‌ಗಳೇ ಹೆಚ್ಚಾದರೂ ಕುಣಿಮಗ್ಗದ ನೆನಪು ಊರಿನಿಂದ ಅಳಿದಿಲ್ಲ. ಗುರಿ ದೊಡ್ಡದೋ ರೂಢಿ ದೊಡ್ಡದೋ ಎಂಬ ಪ್ರಶ್ನೆಯನ್ನು ಈ ಊರಿನಲ್ಲಿ ಎತ್ತಿದರೆ ಉತ್ತರಕ್ಕೆ ಮೊದಲು ಮಗ್ಗದ ಹತ್ತಿರ ಹೋಗಬೇಕು.

ಇದೇ ಜಿಲ್ಲೆಯ ಇಳಕಲ್ ಸೀರೆಯನ್ನು ನೋಡಿ. ಅದರಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದರ ಎಳೆಯ ಕುಣಿಕೆಯೊಳಗೆ ಇನ್ನೊಂದರ ಎಳೆಯನ್ನು ಸಿಲುಕಿಸಿ ಎರಡನ್ನೂ ಜೋಡಿಸುತ್ತಾರೆ. ಇದಕ್ಕೆ ಕೊಂಡಿ ಎಂದು ಹೆಸರು. ಸಾವಿರಾರು ಎಳೆ, ಒಂದೊಂದಕ್ಕೂ ಬೆರಳು ತಾಗಬೇಕು. ಸೀರೆಯ ಒಡಲು ಎಲ್ಲಿ ಮುಗಿದು ಸೆರಗು ಎಲ್ಲಿ ಕೂಡಬೇಕು ಎಂಬುದು ಹೀಗೆ ನೇಯ್ಗೆಗೆ ಮೊದಲೇ ಗೊತ್ತಾಗಿರುತ್ತದೆ. ಆಮೇಲೆ ನೇಕಾರ ಸೆರಗನ್ನು ಧ್ಯಾನಿಸುತ್ತ ಕೂರುವುದಿಲ್ಲ. ಕಾಲು ತುಳಿಯುತ್ತದೆ, ಕೈ ಎಳೆಯುತ್ತದೆ, ಲಾಳಿ ಓಡುತ್ತದೆ, ಹಣಿಗೆ ಬಡಿಯುತ್ತದೆ. ಕಣ್ಣು ಮಾತ್ರ ಎಳೆಯ ಮೇಲೆ. ಎಳೆ ಹರಿಯಿತೇ? ನಿಲ್ಲಿಸಿ, ಗಂಟು ಹಾಕಿ, ಮತ್ತೆ ಶುರು. ಒಂದು ಎಳೆ ಹರಿಯಿತೆಂದು ನೇಯ್ದದ್ದನ್ನೆಲ್ಲ ಬಿಚ್ಚಿಹಾಕಿದ ನೇಕಾರನನ್ನು ಯಾರೂ ಕಂಡಿಲ್ಲ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಡೆಸಿದ ಅಧ್ಯಯನ ಸುಮಾರು ಇದನ್ನೇ ಹೇಳುತ್ತದೆ. ಅದು 2010ರಲ್ಲಿ ಅಚ್ಚಾಯಿತು. ದಿನವೂ ಒಂದೇ ಹೊತ್ತಿಗೆ ಒಂದು ಸಣ್ಣ ಕೆಲಸ ಮಾಡುತ್ತ ಹೋದರೆ ಅದು ತಾನಾಗಿಯೇ ಆಗುವ ರೂಢಿಯಾಗಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರ ಲೆಕ್ಕ 254 ದಿನಕ್ಕೆ ಹೋಯಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ಯುಗಾದಿಯ ದಿನ ಶಪಥ ಮಾಡಿ, ಎಂಟನೆಯ ದಿನ ತಪ್ಪಿಸಿಕೊಂಡು, ಒಂಬತ್ತನೆಯ ದಿನ ಕೈಬಿಡುವವರಿಗೆ ಇದನ್ನು ಕೂಗಿ ಹೇಳಬೇಕು.

ಹಾಗೆಂದು ಗುರಿ ಬೇಡವೇ? ನೆರೆಯ ಜಮಖಂಡಿಯ ರೈತರನ್ನು ಕೇಳಬೇಕು. ಮಳೆಗಾಲದಲ್ಲಿ ದಡ ಮೀರುವ ಕೃಷ್ಣೆ ಬೇಸಿಗೆಯಲ್ಲಿ ಬತ್ತುತ್ತಿದ್ದಳು. ನದಿ ಪಕ್ಕದಲ್ಲೇ ಇದ್ದರೂ ಪೈರು ಒಣಗುವ ಸಂಕಟ ಅದು. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರ ರೈತ ಸಂಘ ಕಟ್ಟಿಕೊಂಡ ಜನ ತಮ್ಮ ಹಣ ಹಾಕಿ, ತಾವೇ ಕಲ್ಲುಮಣ್ಣು ಹೊತ್ತು, 1989ರಲ್ಲಿ ಚಿಕ್ಕಪಡಸಲಗಿಯ ಹತ್ತಿರ ಬ್ಯಾರೇಜು ಕಟ್ಟಿ ನಿಲ್ಲಿಸಿದರು. ಅದಕ್ಕೆ ಶ್ರಮಬಿಂದು ಸಾಗರವೆಂದು ಹೆಸರಿಟ್ಟರು. ಮುಂದಾಳುವಿನ ಹೆಸರೇ ಜನರ ಬಾಯಲ್ಲಿ ‘ಬ್ಯಾರೇಜ್ ಸಿದ್ದು’ ಎಂದಾಯಿತು. 1991ರ ಲೋಕಸಭಾ ಚುನಾವಣೆಯಲ್ಲಿ ಅವರು ಬಾಗಲಕೋಟೆಯಿಂದ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ನೀರು ನಿಲ್ಲಿಸಬೇಕು ಎಂಬ ಒಂದೇ ಗುರಿ ಊರೂರುಗಳನ್ನು ಒಂದುಗೂಡಿಸಿತ್ತು. ಅಂಥ ಗುರಿಯಿಲ್ಲದೆ ಯಾವ ದಿನಚರಿಯೂ ಕೃಷ್ಣೆಗೆ ಅಡ್ಡ ನಿಲ್ಲಲಾರದು.

ಉದ್ಘಾಟನೆಯಾದ ಮೇಲಿನ ಕತೆಯನ್ನು ಮಾತ್ರ ಜನ ಅಷ್ಟಾಗಿ ಹೇಳುವುದಿಲ್ಲ. ಬ್ಯಾರೇಜೆಂದರೆ ಪ್ರತಿವರ್ಷದ ಚಾಕರಿ. ಪ್ರವಾಹಕ್ಕೆ ಮುಂಚೆ ಗೇಟು ತೆಗೆಯಬೇಕು, ಮಳೆಗಾಲ ಸರಿದ ಮೇಲೆ ಇಳಿಸಬೇಕು, ಸೋರುವಲ್ಲಿ ಮುಚ್ಚಬೇಕು. ಅದಕ್ಕೆ ಮೆರವಣಿಗೆಯಿಲ್ಲ, ಹಾರವಿಲ್ಲ. ಹೊಗಳಿಕೆ ಸಲ್ಲಬೇಕಾದದ್ದು ಈ ಎರಡನೆಯ ದುಡಿಮೆಗೇ ಹೆಚ್ಚು.

ರೂಢಿಯಿಂದಲೂ ಕೇಡಿದೆ. ಅದಕ್ಕೂ ಸಾಕ್ಷಿ ಇದೇ ಸೀಮೆಯ ಮಣ್ಣು. ನೀರು ಬಂತು, ಕಬ್ಬು ಬಂತು, ಸಕ್ಕರೆ ಕಾರ್ಖಾನೆಗಳು ಬಂದವು. ಬಾಯಾರಿದ ಹೊಲಕ್ಕೆ ನೀರು ಹಾಯಿಸುವುದು ಗುರಿಯಾಗಿತ್ತು. ಬಾಯಾರಿಕೆ ತೀರಿದ ಮೇಲೂ ಹಾಯಿಸುತ್ತಲೇ ಇರುವುದು ರೂಢಿಯಾಯಿತು. ಬಸಿದು ಹೋಗಲು ದಾರಿಯಿಲ್ಲದ ಕಪ್ಪು ಎರೆಯಲ್ಲಿ ನೀರು ನಿಂತು, ಅಡಿಯ ಉಪ್ಪು ಮೇಲೇರಿತು. ಜಮಖಂಡಿ, ಮುಧೋಳ ತಾಲ್ಲೂಕುಗಳಲ್ಲಿ ಹಾಗೆ ಸವಳು-ಜವಳಾದ ಹೊಲಗಳಿವೆ. ಬೇಸಿಗೆಯಲ್ಲಿ ಅವುಗಳ ಮೇಲೆ ಬೆಳ್ಳಗೆ ಪದರ ಕಟ್ಟುತ್ತದೆ. ಬೆರಳಿಂದ ಕೆರೆದರೆ ಪುಡಿಯಾಗಿ ಉದುರುತ್ತದೆ. ಒಂದು ಕಾಲಕ್ಕೆ ಆಳೆತ್ತರ ಕಬ್ಬು ನಿಂತಿದ್ದ ನೆಲ ಅದು. ಸೋಮಾರಿತನದಿಂದ ಕೆಟ್ಟ ಹೊಲವಲ್ಲ, ತಪ್ಪದೆ ದುಡಿದ ಕೈಯಿಂದಲೇ ಕೆಟ್ಟದ್ದು ಎಂಬುದು ಎದೆಗೆ ಚುಚ್ಚುತ್ತದೆ.

ನಿತ್ಯ ನಸುಕಿಗೆದ್ದು ಓದುವ ಹುಡುಗ ತಾನು ಓದುತ್ತಿರುವುದು ಏತಕ್ಕೆಂದು ಆಗಾಗ ಕೇಳಿಕೊಳ್ಳಬೇಕಾದದ್ದು ಇದಕ್ಕೇ. ಎಷ್ಟು ದಿನಕ್ಕೊಮ್ಮೆ? ಹೊಲದವರ ಲೆಕ್ಕ ಇದಕ್ಕೆ ಸರಿಹೊಂದುತ್ತದೆ: ನೀರು ನಿತ್ಯದ ಕೆಲಸ, ಮಣ್ಣಿನ ಪರೀಕ್ಷೆ ಎರಡು ಮೂರು ವರ್ಷಕ್ಕೊಮ್ಮೆ. ದಿನವೂ ಬೇರು ಕಿತ್ತು ನೋಡಿದರೆ ಸಸಿ ಉಳಿಯದು.

ದೂರದ ಗುರಿ ಕಾಣದಿದ್ದರೂ ದಿನದ ಕೆಲಸ ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೂ ಇದೇ ಸೀಮೆಯಲ್ಲಿ ಉದಾಹರಣೆಯಿದೆ. ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿದ ಬಿ.ಡಿ. ಜತ್ತಿಯವರು ಸಾರ್ವಜನಿಕ ಜೀವನಕ್ಕೆ ಕಾಲಿಟ್ಟದ್ದು ಜಮಖಂಡಿಯ ಪುರಸಭೆಯಲ್ಲಿ. 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು, 1974ರಲ್ಲಿ ಉಪರಾಷ್ಟ್ರಪತಿಯಾದರು, 1977ರಲ್ಲಿ ಕೆಲ ತಿಂಗಳು ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಸಂಸ್ಥಾನದ ಪುಟ್ಟ ಪಟ್ಟಣದ ಪುರಸಭೆಯಲ್ಲಿ ಕೂತ ಯುವಕನಿಗೆ ರಾಷ್ಟ್ರಪತಿ ಭವನ ಗುರಿಯಾಗಿರಲು ಸಾಧ್ಯವೇ ಇರಲಿಲ್ಲ; ಆ ಹುದ್ದೆಯೇ ಆಗ ಹುಟ್ಟಿರಲಿಲ್ಲ. ಎದುರಿಗಿದ್ದದ್ದು ಆ ದಿನದ ಊರಿನ ಕೆಲಸ.

ಮತ್ತೆ ಹೊಲಕ್ಕೆ ಬಂದರೆ, ಸವಳಾದ ನೆಲವನ್ನು ಮರಳಿ ಪಡೆಯುವ ದಾರಿಯೂ ಉಂಟು, ಬಲು ನಿಧಾನದ್ದು. ಬಸಿಗಾಲುವೆ ತೋಡಬೇಕು. ಮಣ್ಣಿನ ಪರೀಕ್ಷೆ ನೋಡಿ ಜಿಪ್ಸಂ ಹಾಕಬೇಕು. ಹಸಿರುಗೊಬ್ಬರದ ಡಯಾಂಚ ಬಿತ್ತಿ, ಹೂ ಬರುವ ಹೊತ್ತಿಗೆ ಹಸಿರಾಗಿಯೇ ಮಣ್ಣಿಗೆ ಮಗುಚಬೇಕು. ಕಾಲುವೆಯ ನೀರಿಗೆ ಕೈ ಬಿಗಿ ಹಿಡಿದು, ಹನಿ ನೀರಾವರಿಯ ಪೈಪು ಎಳೆಯಬೇಕು. ಮೊದಲ ವರ್ಷ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ಹಸಿರು ಮೂಡಬಹುದು. ರೈತ ಬದುವಿನ ಮೇಲೆ ನಿಂತು ಅದನ್ನು ನೋಡುತ್ತಾನೆ, ಸಲಿಕೆ ಎತ್ತಿಕೊಂಡು ಬಸಿಗಾಲುವೆಯ ಹೂಳು ತೆಗೆಯಲು ಇಳಿಯುತ್ತಾನೆ.