ಕಟ್ಟಿಸಿದವರು ಮತ್ತು ಕಟ್ಟಿದವರು
(ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ಶಾಲೆಯ ಅಂಗಳದಲ್ಲಿ ದಾನಿಗಳನ್ನೂ ಗುರುಗಳನ್ನೂ ಸ್ಮರಿಸುವುದು ನಮ್ಮ ಸಂಪ್ರದಾಯ. ಇಂದು ನಾವು ಅವರೊಡನೆ ಇನ್ನೊಂದು ವರ್ಗದವರನ್ನೂ ನೆನೆಯಬಯಸುತ್ತೇವೆ. ಅವರು ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದವರು. ಅದಕ್ಕೆ ಮೊದಲು ಶಿಕ್ಷಕರಾದ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಹಿಂದೊಮ್ಮೆ ಮಕ್ಕಳನ್ನು ಪಟ್ಟದಕಲ್ಲು, ಬೇಲೂರುಗಳಿಗೆ ಪ್ರವಾಸ ಕರೆದೊಯ್ದಿದ್ದೆವು. ಎರಡೂ ಕಡೆ ನಾವು ಹೇಳಿದ್ದು ಒಂದೇ ಮಾತು: "ಇದು ಅಮರಶಿಲ್ಪಿ ಜಕಣಾಚಾರಿಯ ಕೆಲಸ." ಮರಳುವಾಗ ಒಬ್ಬ ಬಾಲಕ ಕೇಳಿದ: "ಗುರುಗಳೇ, ಪಟ್ಟದಕಲ್ಲಿನ ಗುಡಿ 8ನೆಯ ಶತಮಾನದ್ದು, ಬೇಲೂರಿನದು 1117ರದು ಅಂದಿರಿ. ಹಾಗಾದರೆ ಜಕಣಾಚಾರಿ ಎಷ್ಟು ವರ್ಷ ಬದುಕಿದ್ದರು?" ನಮ್ಮ ಬಳಿ ಉತ್ತರವಿರಲಿಲ್ಲ.

ಉತ್ತರ ಕಲ್ಲಿನಲ್ಲೇ ಇತ್ತು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದವಳು ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ. ಕಟ್ಟಿದವನು ಗುಂಡ ಅನಿವಾರಿತಾಚಾರಿ. ಅವನಿಗೆ 'ತ್ರಿಭುವನಾಚಾರಿ' ಎಂಬ ಬಿರುದು ಸಂದಿತೆಂದು ಅಲ್ಲಿಯ ಕನ್ನಡ ಶಾಸನವೇ ಹೇಳುತ್ತದೆ. ಬೇಲೂರಿನ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರಿದೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನು ಮತ್ತೆಮತ್ತೆ ತನ್ನ ಹೆಸರು ಕೊರೆದಿದ್ದಾನೆ. ಬೇಲೂರಿನ ಇಷ್ಟೆಲ್ಲ ಹೆಸರುಗಳ ನಡುವೆ ಜಕಣಾಚಾರಿಯ ಸಹಿ ಮಾತ್ರ ಇಲ್ಲ. ಜನಪದರ ನಾಲಿಗೆಯೂ 1964ರ ಚಲನಚಿತ್ರವೂ ಅವನನ್ನು ಮನೆಮಾತಾಗಿಸಿದವು. ತಮ್ಮ ಹೆಸರನ್ನು ತಾವೇ ಬರೆದಿಟ್ಟವರನ್ನು ನಾವು ಮರೆತೆವು.

ಮಹಾರಾಷ್ಟ್ರದಲ್ಲಿಯೂ ಇದೇ ಕಥೆ. ಇಲ್ಲಿ ಹಳೆಯ ಕಲ್ಲಿನ ಗುಡಿ ಕಂಡರೆ 'ಹೇಮಾಡಪಂಥಿ' ಎನ್ನುವುದು ರೂಢಿ. ಹೇಮಾದ್ರಿ ಪಂಡಿತನು ದೇವಗಿರಿಯ ಸೇವುಣ ಅರಸರಾದ ಮಹಾದೇವ, ರಾಮಚಂದ್ರರ ಮಂತ್ರಿ. 13ನೆಯ ಶತಮಾನದ ಉತ್ತರಾರ್ಧದವನು. ಆದರೆ ಹೇಮಾಡಪಂಥಿ ಎಂದೇ ಕರೆಸಿಕೊಳ್ಳುವ ಅಂಬರನಾಥದ ಶಿವಾಲಯದ ಶಾಸನ 1060ರದು. ಮಂತ್ರಿ ಹುಟ್ಟುವ ಮೊದಲೇ ಎದ್ದ ಗುಡಿಗೆ ಅವನ ಹೆಸರು ಬಂದಿದೆ! ಒಂದು ಶೈಲಿಯ ಹೆಸರಾಗಿ ಆ ಪದ ಇರಲಿ. ಅದನ್ನೇ ಕರ್ತೃವಿನ ಹೆಸರೆಂದು ಓದಿದಾಗ ತಪ್ಪಾಗುತ್ತದೆ.

ಗಡಿನಾಡಿನ ನಮಗೆ ಈ ತಪ್ಪು ಇಮ್ಮಡಿಯಾಗಿ ತಟ್ಟುತ್ತದೆ. ಒಂದೇ ಗುಡಿಯನ್ನು ಒಬ್ಬರು ಹೇಮಾಡಪಂಥಿ ಎಂದರೆ ಇನ್ನೊಬ್ಬರು ಜಕಣಾಚಾರಿಯದು ಎನ್ನಬಹುದು. ಆಗ ಕಟ್ಟಿದವರಾರು ಎಂಬ ಪ್ರಶ್ನೆ ಹಿಂದೆ ಸರಿದು, ಗುಡಿ ಯಾರ ಭಾಷೆಯದು ಎಂಬ ವಾದವಷ್ಟೇ ಉಳಿಯುತ್ತದೆ. ಸೇವುಣರ ಶಾಸನಗಳಲ್ಲಿ ಕನ್ನಡವೂ ಉಂಟು, ಮರಾಠಿಯೂ ಉಂಟು. ವಾದಿಸುವ ಇಬ್ಬರೂ ಗುಡಿಯ ಮುಂದಿನ ಕಲ್ಲನ್ನು ಓದದೆ ಹೋದರೆ ಸೋಲುವವನು ಆ ಶಿಲ್ಪಿಯೇ.

ಮನೆಗಳ ವಿಷಯದಲ್ಲಿಯೂ ಹೀಗೆಯೇ. ಜತ್ತವು 1948ರ ವರೆಗೆ ಡಫಳೆ ಮನೆತನದ ಸಂಸ್ಥಾನವಾಗಿತ್ತು. ಊರಲ್ಲಿ ಸುಂದರವಾದ ವಾಡೆಯೊಂದನ್ನು ಕಂಡೊಡನೆ ಅರಮನೆ ಕಟ್ಟಿದವರೇ ಇದನ್ನೂ ಕಟ್ಟಿರಬೇಕೆಂದು ಹೇಳಿಬಿಡುವುದು ಸುಲಭ. ಹಾಗೆ ಹೇಳಿದರೆ ಮನೆಗೆ ಘನತೆ ಬರುತ್ತದೆಂಬ ಆಸೆಯೂ ಇರುತ್ತದೆ. ಆದರೆ ಆ ಒಂದು ಮಾತಿನಿಂದ ನಮ್ಮೂರಿನ ಗವಂಡಿಯ, ಬಡಿಗೇರನ, ಕಲ್ಲುಕುಟಿಗನ ಹೆಸರು ಅಳಿಸಿಹೋಗುತ್ತದೆ. ದೊಡ್ಡ ಹೆಸರು ಆಲದ ಮರದಂತೆ. ಅದರ ನೆರಳಿನಲ್ಲಿ ಸಣ್ಣ ಸಸಿ ಬೆಳೆಯದು.

ಕನ್ನಡದಲ್ಲಿ 'ಕಟ್ಟಿಸಿದರು', 'ಕಟ್ಟಿದರು' ಎಂಬ ಎರಡು ಕ್ರಿಯಾಪದಗಳಿವೆ. ನಡುವಿನ 'ಇಸು' ಒಂದು ಪುಟ್ಟ ಪ್ರತ್ಯಯವಷ್ಟೇ. ಆದರೂ ಧನಿಕನನ್ನೂ ದುಡಿದವನನ್ನೂ ಅದು ಬೇರೆಬೇರೆಯಾಗಿ ತೋರಿಸುತ್ತದೆ. ವಿದ್ಯಾರ್ಥಿಗಳೇ, ನಿಮ್ಮ ಓಣಿಯ ಹಳೆಯ ಮನೆಗಳ ಮುಂದೆ ನಿಂತು ಮೂರು ಪ್ರಶ್ನೆ ಕೇಳಿರಿ: ಯಾರು ಕಟ್ಟಿಸಿದರು? ಯಾರು ಕಟ್ಟಿದರು? ಇದಕ್ಕೆ ಆಧಾರವೇನು? ಬಾಗಿಲ ಚೌಕಟ್ಟಿನ ಮೇಲಿನ ಇಸವಿಯನ್ನು ನೋಡಿರಿ. ಪೆಟ್ಟಿಗೆಯಲ್ಲಿರುವ ಮೋಡಿ ಕಾಗದಗಳನ್ನು ಓದಬಲ್ಲವರಿಗೆ ತೋರಿಸಿರಿ. ಗವಂಡಿ ಮನೆತನದ ಹಿರಿಯರು ಹೇಳಿದ್ದನ್ನು ಬರೆದುಕೊಳ್ಳಿರಿ. ಹೇಳಿದವರ ಹೆಸರನ್ನೂ ದಿನಾಂಕವನ್ನೂ ಸೇರಿಸಿರಿ. ಆಧಾರ ಸಿಗದಿದ್ದರೆ 'ತಿಳಿದಿಲ್ಲ' ಎಂದು ಬರೆಯಿರಿ. ಊಹಿಸಿದ ಹೆಸರಿಗಿಂತ ಬರಿದಾದ ಜಾಗ ಮೇಲು. ಮುಂದೊಂದು ದಿನ ನಿಜವಾದ ಹೆಸರು ಅಲ್ಲಿ ಬಂದು ಕೂರಬಹುದು.

ಹಾಗೆಂದು ಜಕಣಾಚಾರಿಯ ಕಥೆಯನ್ನು ನಾವು ಬಿಡಬೇಕಾಗಿಲ್ಲ. ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆಯಲ್ಲಿ ಮಹಾಶಿಲ್ಪಿಯ ದೋಷವನ್ನು ತೋರಿಸುವವನು ಒಬ್ಬ ಹುಡುಗ. ಅವನು ಡಂಕಣ, ಶಿಲ್ಪಿಯ ಮಗ. ತಂದೆ ಆ ತಪ್ಪನ್ನು ಒಪ್ಪಿಕೊಳ್ಳುತ್ತಾನೆ. ಇತಿಹಾಸವಾಗಿ ಅಲ್ಲದಿದ್ದರೂ ಪಾಠವಾಗಿ ಆ ಕಥೆ ಸತ್ಯ. ನಮಗೂ ಅಂದು ಒಬ್ಬ ಬಾಲಕನೇ ಪಾಠ ಕಲಿಸಿದ. ಹಿರಿಯರ ಮಾತನ್ನು ವಿನಯದಿಂದ ಪ್ರಶ್ನಿಸುವ ಇಂಥ ಮಕ್ಕಳು ಮುಂದಿನ ನೂರು ವರ್ಷವೂ ಈ ಶಾಲೆಯಲ್ಲಿ ಬೆಳೆಯಲಿ ಎಂದು ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ.